ಮುತ್ತಜ್ಜಿಯ ಕೌದಿಯಲ್ಲಿ ಏನೇನಿದೆ?

"ನಿಮ್ಮ ಅಜ್ಜಿ, ಮುತ್ತಜ್ಜಿ ಬಳಸಿದ ವಸ್ತು ಏನಾದರೂ ಮನೆಯಲ್ಲಿ ಉಳಿದಿದೆಯಾ? ಅದರಿಂದ ಅವರು ದಿನಾ ಹೇಗೆ ಬದುಕುತ್ತಿದ್ದರು ಅಂತ ಗೊತ್ತಾಗುತ್ತಾ?" ಅಂತ ಕೇಳಿದ್ದೀರಿ. ಗೊತ್ತಾಗುತ್ತದೆ. ಆದರೆ ಜೋಪಾನವಾಗಿ ಎತ್ತಿಟ್ಟ ವಸ್ತುವಿಗಿಂತ ಬಳಸಿ ಬಳಸಿ ಸವೆದದ್ದೇ ಜಾಸ್ತಿ ಹೇಳುತ್ತದೆ.

ನಮ್ಮದು ಬಾಗಲಕೋಟೆ ಕಡೆಯ ಒಕ್ಕಲುತನದ ಮನೆ. ಅಪ್ಪನ ಅಜ್ಜಿಯದು ಅಂತ ಉಳಿದಿರುವುದು ಒಂದು ಟ್ರಂಕು, ಒಂದು ಇಳಕಲ್ ಸೀರೆ, ಹಳೇ ಬಟ್ಟೆ ಹೊಲಿದು ಮಾಡಿದ ಹೊದಿಕೆ ಅಂದರೆ ಒಂದು ಕೌದಿ, ಹಿತ್ತಲಲ್ಲಿ ಬಿದ್ದಿರುವ ಬೀಸುಕಲ್ಲು. ಬಂಗಾರ ಇಲ್ಲ. ಇದ್ದಿದ್ದರೂ ಏನೂ ಹೇಳುತ್ತಿರಲಿಲ್ಲ ಬಿಡಿ. ಒಬ್ಬರು ಹೋದ ಮೇಲೆ ಇನ್ನೊಬ್ಬರು ಕರಗಿಸಿ ಹೊಸ ನಮೂನೆ ಮಾಡಿಸುತ್ತಾರೆ. ಬುಗುಡಿ ಹೋಗಿ ಜುಮಕಿ ಆಗುತ್ತದೆ, ಮುಗೀತು.

ಸೀರೆ ಚಂದ್ರಕಾಳಿ. ಕಪ್ಪು ಒಡಲು, ಕೆಂಪು ಸೆರಗು, ಕಸೂತಿಯಲ್ಲಿ ಗೋಪುರ, ತುಳಸಿಕಟ್ಟೆ. ಮಡಿಕೆ ಇದ್ದ ಕಡೆಯಲ್ಲೆಲ್ಲ ಸೀಳಿದೆ, ಬೇರೆಲ್ಲೂ ಇಲ್ಲ. ಉಟ್ಟು ಹರಿದದ್ದಲ್ಲ, ಇಟ್ಟು ಹರಿದದ್ದು.

ಕೌದಿ ಹಾಗಲ್ಲ. ಅದರಲ್ಲಿ ಇಡೀ ಮನೆಯೇ ಇದೆ. ಹಳೇ ಸೀರೆಗಳನ್ನು ಪದರ ಪದರವಾಗಿ ಹಾಸಿ, ಮೇಲೆ ತುಂಡುಗಳನ್ನು ಜೋಡಿಸಿ, ಅಂಚಿನಿಂದ ಒಳಗೆ ಒಳಗೆ ಹೊಲಿಗೆ ಹಾಕುತ್ತಾ ಬರುತ್ತಾರಲ್ಲ, ಆ ಥರದ್ದು. ನೀಲಿ ಚೌಕಡಿಯ ತುಂಡು ಆಕೆ ದಿನಾ ಉಡುತ್ತಿದ್ದ ಹತ್ತಿ ಸೀರೆಯದು. ಮುತ್ತಜ್ಜನ ಧೋತರ ಇದೆ. ಖಾಕಿ ತುಂಡೊಂದಿದೆ, ಅದು ಮಗ ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದ ಚಡ್ಡಿ ಅಂತ ಸೋದರತ್ತೆ ಹೇಳುತ್ತಾರೆ. ಮೂಲೆಯಲ್ಲಿ ಗುಳೇದಗುಡ್ಡದ ಖಣದ ಚೂರು. ಅದರ ಮೇಲೆ ಕುಪ್ಪಸದ ತೋಳಿನ ಹಳೇ ಹೊಲಿಗೆಯ ಗೆರೆ ಹಾಗೇ ಕಾಣುತ್ತದೆ. ತೋಳು ಎಷ್ಟು ಸಣ್ಣದು ಅಂದರೆ, ನನ್ನ ಹನ್ನೆರಡು ವರ್ಷದ ಮಗಳಿಗೆ ಸರಿಹೋದೀತು. ಫೋಟೋ ಇಲ್ಲದ ಹೆಂಗಸಿನ ಮೈಕಟ್ಟು ನನಗೆ ಗೊತ್ತಾದದ್ದು ಹೀಗೆ.

ಒಂದು ಕಡೆ ಮೇಲಿನ ಬಟ್ಟೆ ಹರಿದು ಒಳಪದರ ಕಾಣುತ್ತದೆ. ಅಲ್ಲೊಂದು ಗಿಣಿಹಸಿರು ಸೀರೆ. ಬಿಸಿಲು, ತೊಳೆತ ಹೆಚ್ಚು ತಾಗದೆ ಬಣ್ಣ ಇನ್ನೂ ಗಾಢವಾಗಿದೆ. ಹೊಲಿಗೆಯೂ ಒಂದೇ ಕೈಯದಲ್ಲ. ಅರ್ಧ ಭಾಗ ಒತ್ತೊತ್ತಾಗಿ ನೇರವಾಗಿದೆ, ಉಳಿದದ್ದು ಉದ್ದುದ್ದ, ಸೊಟ್ಟ. ಸುಗ್ಗಿ ಮುಗಿದ ಮೇಲೆ ಬೇಸಿಗೆಯ ಮಧ್ಯಾಹ್ನ ಓಣಿಯ ಹೆಂಗಸರು ಕೂಡಿ ಹೊಲಿಯುತ್ತಿದ್ದರಂತೆ. ಯಾರ ಹೊಲಿಗೆ ಯಾವುದು ಅಂತ ಹೇಳುವವರು ಈಗ ಯಾರೂ ಉಳಿದಿಲ್ಲ. ಸೊಟ್ಟ ಹೊಲಿಗೆಯೇ ನಮ್ಮ ಮುತ್ತಜ್ಜಿಯದು ಅಂತ ನನಗೆ ಸುಮ್ನೆ ಒಂದು ಅನುಮಾನ.

ಬೀಸುಕಲ್ಲಿನ ಹಿಡಿಗೂಟದ ತೂತು ಸವೆದು ಸಡಿಲಾಗಿ, ಪಕ್ಕದಲ್ಲೇ ಇನ್ನೊಂದು ಕೊರೆಸಿದ್ದಾರೆ. ಜೋಳದ ಹಿಟ್ಟು ಹಳತಾದರೆ ಜಿಗಿ ಹೋಗುತ್ತದೆ, ರೊಟ್ಟಿ ಬಡಿಯುವಾಗ ಒಡೆಯುತ್ತದೆ. ಹಾಗಾಗಿ ವಾರಗಟ್ಟಲೆಗೆ ಬೀಸಿಡುವ ಹಾಗಿಲ್ಲ. ಊರಿಗೆ ಗಿರಣಿ ಬರುವ ತನಕ ದಿನಾ ಕತ್ತಲಲ್ಲೇ ಎದ್ದು ಬೀಸಬೇಕಿತ್ತು. ಬೀಸುವ ಪದಗಳು ಚೆಂದ ಅಂತ ನಾವು ಈಗ ಹೊಗಳುತ್ತೇವೆ. ಬೀಸುವ ರಟ್ಟೆಯ ಕಥೆ ಬೇರೆ, ಅಲ್ವಾ?

ಟ್ರಂಕಿನ ಬೀಗದ ಕೈಗೆ ತೂತಿನ ಕಾಸೊಂದನ್ನು ಕಟ್ಟಿದ್ದಾರೆ, 1943ರದು. ಯುದ್ಧದ ಕಾಲದಲ್ಲಿ ಲೋಹ ಉಳಿಸಲು ನಡುವೆ ತೂತು ಬಿಟ್ಟು ಹೊರಡಿಸಿದ ನಾಣ್ಯ ಅದು. ಆಗ ಅಂಥ 64 ಸೇರಿದರೆ ಒಂದು ರೂಪಾಯಿ. ರೂಪಾಯಿಗೆ ನೂರರ ಲೆಕ್ಕದ ನಯಾ ಪೈಸೆ ಬಂದದ್ದು 1957ರಲ್ಲಿ. ಆಮೇಲೆ ಈ ತೂತಿನ ಕಾಸಿಗೆ ಬೀಗದ ಕೈ ಕಾಯುವ ಕೆಲಸ ಸಿಕ್ಕಿರಬೇಕು.

ನಿಮ್ಮ ಮನೆಯಲ್ಲೂ ಏನಾದರೂ ಇದ್ದರೆ ಮೊದಲು ತಿರುಗಿಸಿ ನೋಡಿ. ತಳ, ಹಿಡಿ, ಒಳಮೈ, ರಿಪೇರಿ ಮಾಡಿಸಿದ ಗುರುತು. ಆಮೇಲೆ ಅದನ್ನು ಮನೆಯ ಹಿರಿಯರ ಕೈಗೆ ಕೊಟ್ಟು ಮಾತಾಡಿಸಿ. "ಮುತ್ತಜ್ಜಿ ಹೇಗಿದ್ದರು?" ಅಂದರೆ "ಒಳ್ಳೆಯವರಿದ್ದರು" ಅಂತ ಮುಗಿಸುತ್ತಾರೆ. "ಈ ಖಾಕಿ ತುಂಡು ಯಾರದು?" ಅಂದರೆ ಅರ್ಧ ಗಂಟೆ ಹೇಳುತ್ತಾರೆ. ರೇಷ್ಮೆ ಸೀರೆ ಇದ್ದರೆ ಆಗಾಗ ಮಡಿಕೆ ಬದಲಿಸಿ. ಕೌದಿಯನ್ನು ಮಾತ್ರ ವಾಷಿಂಗ್ ಮಷೀನಿಗೆ ಹಾಕಬೇಡಿ, ಹಳೇ ದಾರ ತಡೆಯುವುದಿಲ್ಲ.