ಮೂವತ್ತೊಂದು ಪಾಟೀಲರು, ಒಂದು ಶೀಟು

ನೀವು ಕೇಳಿದ್ದು ಇಷ್ಟು: ಥಾಣೆದಾಗ ಸಣ್ಣ ಕನ್ನಡ ಸಂಘ, ನಾನೂರು ಮನಿ, ಸದಸ್ಯರ ಪಟ್ಟಿ ವಂತಿಗೆ ಲೈಬ್ರರಿ ಎಲ್ಲಾ ಒಂದ ಶೀಟ್‌ನ್ಯಾಗ ಅದ, ಏರ್‌ಟೇಬಲ್ (ಶೀಟಿನಂಗ ಕಾಣೋ ಆನ್‌ಲೈನ್ ಡೇಟಾಬೇಸ್) ನೋಡಿದ್ರಿ ಆದ್ರ ರೊಕ್ಕ ಭಾಳ ಆಗ್ತದ, ಅದರಂಗ ಇರೋ ಓಪನ್ ಸೋರ್ಸ್ ಟೂಲ್ ಯಾವ್ದು ಛಲೋ, ಗ್ರಿಸ್ಟೋ ಬೇಸ್‌ರೋನೋ ನೋಕೋಡಿಬಿನೋ ಅಂತ. ನಾ ಪುಣೆದಾಂವ, ಅಂದ್ರ ಪಿಂಪ್ರಿ-ಚಿಂಚ್ವಡ ಕಡೆ, ಮೂಲ ವಿಜಯಪುರ. ನಮ್ಮಲ್ಲೂ ಇಂಥದ ಒಂದು ಸಂಘ ಅದ, ಮೂರು ವರ್ಷದಿಂದ ಅದರ ಲೆಕ್ಕ ನನ್ನ ಕೊರಳಿಗೆ ಬಿದ್ದದ, ಯಾಕಂದ್ರ ಕಮಿಟಿ ಮೀಟಿಂಗ್‌ನ್ಯಾಗ ಲ್ಯಾಪ್‌ಟಾಪ್ ತಂದಾಂವ ನಾ ಒಬ್ಬನ. ನಾವು ಗ್ರಿಸ್ಟ್ ಇಟ್ಕೊಂಡೀವಿ. ಆದ್ರ ಬರೇ ಹೆಸರು ಹೇಳಿದ್ರ ನಿಮ್ಮ ತ್ರಾಸ ತೀರೂದಿಲ್ರಿ, ಸ್ವಲ್ಪ ಉದ್ದ ಬರೀತೀನಿ.

ನಮ್ಮ ಶೀಟ್‌ನ್ಯಾಗ ಮೂವತ್ತೊಂದು ಪಾಟೀಲರು ಇದ್ರು. ಅದರಾಗ ಎಸ್. ಪಾಟೀಲ ಅನ್ನೋರು ಐದು ಮಂದಿ. ವಂತಿಗೆ ಕೊಟ್ಟೋರ ಪಟ್ಟಿ ಒಂದು ಟ್ಯಾಬ್, ಸದಸ್ಯರು ಇನ್ನೊಂದು ಟ್ಯಾಬ್, ನಡುವ ವಿಲುಕಪ್, ಅಂದ್ರ ಒಂದು ಟ್ಯಾಬಿನ ಹೆಸರು ಇನ್ನೊಂದರಾಗ ಹುಡುಕಿ ತರೋ ಎಕ್ಸೆಲ್ ಫಾರ್ಮುಲಾ. ವಿಲುಕಪ್‌ಗೆ ಯಾವ ಪಾಟೀಲ ಅಂತ ಏನ್ ಗೊತ್ತು, ಮ್ಯಾಲಿಂದ ಹುಡ್ಕೋತ ಬರ್ತದ, ಮೊದಲ ಸಿಕ್ಕಾಂವನ್ನ ಹಿಡ್ಕೊಂಡು ನಿಂತುಬಿಡ್ತದ. ನಿಗಡಿಯ ಎಸ್. ಪಾಟೀಲರು ಕೊಟ್ಟ ರೊಕ್ಕ ಎರಡು ವರ್ಷ ಆಕುರ್ಡಿಯ ಎಸ್. ಪಾಟೀಲರ ಹೆಸರಿಗೆ ಜಮಾ ಆಗಿತ್ತು. ವಾರ್ಷಿಕ ಸಭಾದಾಗ ಬಾಕಿದಾರರ ಪಟ್ಟಿ ಮೈಕ್‌ನ್ಯಾಗ ಓದಿದ್ರು, ನಿಗಡಿಯವರ ಹೆಸರು ಬಂತು. ಅವರು ಪ್ರತಿವರ್ಷ ರಾಜ್ಯೋತ್ಸವಕ್ಕ ಅಡಗಿ ಉಸ್ತುವಾರಿ ನೋಡೋ ಮನಷ್ಯಾ, ಏನೂ ಮಾತಾಡ್ಲಿಲ್ಲ, ಎದ್ದು ಹೊರಗ ಹೋಗಿ ಚಪ್ಪಲಿ ಹಾಕ್ಕೊಂಡ್ರು. ಮರುದಿನ ರಸೀದಿ ಫೋಟೋ ಕಳಿಸಿದ್ರು ನೋಡ್ರಿ, ನನಗ ಮುಖ ಎತ್ತೋದ ಕಷ್ಟ ಆತು.

ಇನ್ನೊಂದು ಹೇಳ್ತೀನಿ, ಇದು ನಿಮಗೂ ಆಗಿರ್ತದ, ಗೊತ್ತಾಗಿರೂದಿಲ್ಲ ಅಷ್ಟ. ವಿದ್ಯಾರ್ಥಿವೇತನ ಕೊಡೋ ಸಲುವಾಗಿ ಹುಡುಗರ ಬ್ಯಾಂಕ್ ಅಕೌಂಟ್ ನಂಬರ್ ತಗೋತೀವಲ್ಲ, ಎಕ್ಸೆಲ್ ಸಂಖ್ಯೆದಾಗ 15 ಅಂಕಿ ಅಷ್ಟ ನಿಖರ ಇಟ್ಕೋತದ, 16ನೇ ಅಂಕಿ ಇದ್ರ ಅದನ್ನ ಸದ್ದಿಲ್ಲದ ಸೊನ್ನೆ ಮಾಡಿಬಿಡ್ತದ, ಕಾಲಂ ಅನ್ನ ಮೊದಲ ಟೆಕ್ಸ್ಟ್ ಅಂತ ಮಾಡಿ ಇಟ್ಟಿದ್ರ ಮಾತ್ರ ಬಚಾವ್. ನಮ್ಮ ಏಳು ಹುಡುಗರ ನಂಬರು ಹಿಂಗ ಸೊನ್ನೆದಾಗ ಮುಗದಿದ್ವು, ರೊಕ್ಕ ಎಲ್ಲಾ ವಾಪಸ್ ಬಂತು. ನಸೀಬು ಛಲೋ, ಬ್ಯಾರೆಯವರ ಅಕೌಂಟಿಗೆ ಹೋಗ್ಲಿಲ್ಲ. ದೊಡ್ಡ ದೊಡ್ಡೋರಿಗೂ ಇಂಥವು ಬಿಟ್ಟಿಲ್ಲ ಬಿಡ್ರಿ. 2020ರಾಗ ಇಂಗ್ಲೆಂಡ್‌ನ್ಯಾಗ 16,000ದ ಹತ್ರ ಹತ್ರ ಕೋವಿಡ್ ಪಾಸಿಟಿವ್ ಕೇಸು ಲೆಕ್ಕದಿಂದ ಬಿಟ್ಟುಹೋಗಿದ್ವು, ಯಾಕಂದ್ರ ಎಕ್ಸೆಲ್‌ದ ಹಳೇ ನಮೂನಿ ಎಕ್ಸ್‌ಎಲ್‌ಎಸ್ ಫೈಲಿಗೆ 65,536 ಸಾಲಿನ ಮ್ಯಾಲ ಹಿಡಿಯೂದಿಲ್ಲ.

ಹಂಗಾದ್ರ ತಪ್ಪು ಎಕ್ಸೆಲ್‌ದಾ? ಅಲ್ಲ. ಲೆಕ್ಕ ಹಾಕೋ ಕಾಗದದ ಮ್ಯಾಲ ನಾವು ಊರ ಜನರ ಸಂಬಂಧ ಬರೀಲಿಕ್ಕೆ ಹೊಂಟಿದ್ವಿ. ಸ್ಪ್ರೆಡ್‌ಶೀಟ್‌ನ್ಯಾಗ ಒಂದು ಗೂಡು ಅಂದ್ರ ಒಂದು ಗೂಡು ಅಷ್ಟ, ಅದರಾಗ ಪಾಟೀಲ ಅಂತ ಬರದ್ರ ಅವು ಮೂರು ಅಕ್ಷರ, ಮನಷ್ಯಾ ಅಲ್ಲ. ಡೇಟಾಬೇಸ್‌ನ್ಯಾಗ ಮನಷ್ಯಾ ಒಂದ ಕಡೆ ಇರ್ತಾನ, ಉಳದ ಕಡೆ ಎಲ್ಲಾ ಅವನ ಕಡೆ ಬೊಟ್ಟು ಮಾಡಿ ತೋರಸ್ತೀವಿ. ಈ ವಿಚಾರ 1970ರಾಗ ಎಡ್ಗರ್ ಕಾಡ್ ಅನ್ನಾವ್ರು ಐಬಿಎಂನ್ಯಾಗ ಇದ್ದಾಗ ಬರದಿಟ್ಟಿದ್ದು, ಪರ್ಸನಲ್ ಕಂಪ್ಯೂಟರಿನ ಮೊದಲ ಸ್ಪ್ರೆಡ್‌ಶೀಟ್ ವಿಸಿಕ್ಯಾಲ್ಕ್ ಬಂದದ್ದು 1979ರಾಗ. ಅಂದ್ರ ಔಷಧ ಮೊದಲ ಬಂತು, ರೋಗ ಆಮ್ಯಾಲ.

ಗ್ರಿಸ್ಟ್‌ನ್ಯಾಗ ಇದಕ್ಕ ರೆಫರೆನ್ಸ್ ಕಾಲಂ ಅಂತಾರ. ನಾವು ಒಂದು ಶೀಟ್ ಇದ್ದದ್ದನ್ನ ಐದು ಟೇಬಲ್ ಮಾಡಿದ್ವಿ, ಮನಿ, ಮಂದಿ, ರಸೀದಿ, ಪುಸ್ತಕ, ಪುಸ್ತಕ ಒಯ್ದದ್ದು. ರಸೀದಿ ಟೇಬಲ್‌ನ್ಯಾಗ ಹೆಸರು ಟೈಪ್ ಮಾಡೋದ ಇಲ್ಲ, ಮನಿ ಆರಿಸೋದು ಅಷ್ಟ, ಪಟ್ಟಿದಾಗ "ಎಸ್. ಪಾಟೀಲ, ನಿಗಡಿ" ಅಂತ ಹೆಸರು ಏರಿಯಾ ಎರಡೂ ಕೂಡೇ ಕಾಣೋ ಹಂಗ ಒಂದು ಫಾರ್ಮುಲಾ ಕಾಲಂ ಮಾಡಿ ಅದನ್ನ ತೋರಸ್ತೀವಿ. ಒಳಗ ಅದು ಹಿಡ್ಕೊಳ್ಳೋದು ಸಾಲಿನ ಐಡಿ, ಹಿಂಗಾಗಿ ನಾಳೆ ಯಾರರ ಹೆಸರಿನ ಕಾಗುಣಿತ ತಿದ್ದಿದ್ರ ಹಳೇ ರಸೀದಿ ಎಲ್ಲಾದರಾಗೂ ತಾನ ತಿದ್ದತದ. ನಮಗ ಇದು ಭಾಳ ಬೇಕಾಗಿತ್ತು, ಇಲ್ಲಿ ಹುಟ್ಟಿ ಬೆಳದ ಹುಡುಗರು ಮರಾಠಿ ಶಾಲಿ ಕಲ್ತೋರು, ಹೆಸರು ದೇವನಾಗರಿದಾಗ ಹೊಡೀತಾರ, ನಾವು ಕನ್ನಡದಾಗ, ಬ್ಯಾಂಕಿನ ಕಾಕಾ ಇಂಗ್ಲಿಷ್‌ನ್ಯಾಗ, ಒಬ್ಬ ಕುಲಕರ್ಣಿಗೆ ಮೂರು ಅವತಾರ ಆಗಿತ್ತು.

ಆ ಬೇರ್ಪಡಿಸೋ ಕೆಲಸ, ಅದ ಖರೇ ಕೆಲಸ. ನಾಕು ಭಾನುವಾರ ಹಿಡೀತು. ಟೂಲ್ ಹಾಕ್ಲಿಕ್ಕೆ ಅರ್ಧಾ ತಾಸು.

ಇನ್ನ ನೀವು ಕೇಳಿದ ಮೂರರ ಬಗ್ಗೆ. ನೋಕೋಡಿಬಿ ಛಲೋ ಯಾವಾಗ ಅಂದ್ರ ನಿಮ್ಮಲ್ಲಿ ಆಗಲೇ ಮೈಎಸ್‌ಕ್ಯೂಎಲ್ ಅಥವಾ ಪೋಸ್ಟ್‌ಗ್ರೆಸ್ ಡೇಟಾಬೇಸ್ ಇದ್ದಾಗ, ಅದರ ಮ್ಯಾಲ ಶೀಟಿನ ಮುಖ ಹಚ್ಚಿ ಕೊಡ್ತದ, ನಮ್ಮಲ್ಲಿ ಡೇಟಾಬೇಸ್ ಇರಲೇ ಇಲ್ಲ. ಬೇಸ್‌ರೋ ನೋಡ್ಲಿಕ್ಕೆ ಭಾಳ ಚಂದ, ನೆದರ್‌ಲ್ಯಾಂಡ್ಸ್‌ನವರು ಮಾಡಿದ್ದು, ಹಿಂದ ಪೋಸ್ಟ್‌ಗ್ರೆಸ್, ಏರ್‌ಟೇಬಲ್ ರೂಢಿ ಇದ್ದೋರಿಗೆ ಮೊದಲ ದಿನದಿಂದ ಕೈಗೆ ಹತ್ತತದ, ಆದ್ರ ಕ್ಯಾನ್ಬಾನ್ (ಸಾಲುಗಳನ್ನ ಕಾರ್ಡಿನಂಗ ಜೋಡಿಸಿ ತೋರಸೋದು) ಕ್ಯಾಲೆಂಡರ್ ಇಂಥವಕ್ಕ ಪೇಡ್ ಲೈಸೆನ್ಸ್ ಬೇಕು. ನಮ್ಮ ಕಮಿಟಿದಾಗ ಒಬ್ಬ ಹುಡುಗಿ ಬೇಸ್‌ರೋನ ಬೇಕು ಅಂತ ಕೂತಿದ್ಲು, ಆಕಿದೂ ತಪ್ಪಿರಲಿಲ್ಲ. ಗ್ರಿಸ್ಟ್ ನೋಡ್ಲಿಕ್ಕೆ ಸಪ್ಪ.

ನನ್ನ ಮನಸ್ಸು ಗ್ರಿಸ್ಟ್ ಕಡೆ ವಾಲಿದ್ದು ಒಂದ ಕಾರಣಕ್ಕ. ಹಳೇ ಸೆಕ್ರೆಟರಿ ತಮ್ಮ ಸ್ವಂತ ಮೇಲ್ ಐಡಿದಾಗ ಶೀಟ್ ಮಾಡಿದ್ರು, ನೌಕರಿ ಬದಲಾಗಿ ಪರದೇಶಕ್ಕ ಹೋದ್ರು, ಆ ಅಕೌಂಟ್ ಬಂದ್ ಮಾಡಿದ್ರು, ಅದರ ಜೋಡಿ ನಮ್ಮ ಹತ್ತು ವರ್ಷದ ಲೆಕ್ಕಾನೂ ಹೋತು. ಕೆಟ್ಟ ಮನಸ್ಸಿಂದ ಅಲ್ಲ, ಮರತಿದ್ರು. ಯಾರದೋ ಪ್ರಿಂಟ್ ಇತ್ತು ಅಂತ ಅರ್ಧಾ ವಾಪಸ್ ಟೈಪ್ ಮಾಡಿದ್ವಿ. ಗ್ರಿಸ್ಟ್‌ನ್ಯಾಗ ಪೂರಾ ಡಾಕ್ಯುಮೆಂಟ್ ಅಂದ್ರ ಒಂದ ಫೈಲು, ಒಳಗ ನೋಡಿದ್ರ ಅದು ಎಸ್‌ಕ್ಯೂಲೈಟ್, ಅಂದ್ರ ಎಲ್ಲಾ ಒಂದ ಫೈಲಿನ್ಯಾಗ ಇಡೋ ಡೇಟಾಬೇಸ್. ನಾಳೆ ಗ್ರಿಸ್ಟ್ ಕಂಪನಿನ ಮುಚ್ಚಿದ್ರೂ ಆ ಫೈಲ್ ಯಾವ ಎಸ್‌ಕ್ಯೂಲೈಟ್ ಬ್ರೌಸರ್‌ನ್ಯಾಗರ ತೆರೀಬಹುದು. ಈಗ ತಿಂಗಳಿಗೊಮ್ಮೆ ಡೌನ್‌ಲೋಡ್ ಮಾಡಿ ಎರಡು ಪೆನ್‌ಡ್ರೈವ್‌ಗೆ ಹಾಕ್ತೀವಿ, ಒಂದು ಅಧ್ಯಕ್ಷರ ಮನ್ಯಾಗ, ಒಂದು ಸಂಘದ ಕಪಾಟಿನ್ಯಾಗ. ಫ್ರಾನ್ಸ್ ಸರ್ಕಾರದವರೂ ಇದನ್ನ ತಮ್ಮ ಸರ್ವರ್‌ನ್ಯಾಗ ಹಾಕ್ಕೊಂಡು ನಡಸ್ತಾರ, ಕೋಡೂ ಬರದು ಕೊಡ್ತಾರ, ಕಮಿಟಿಗೆ ಇದನ್ನ ಹೇಳಿದಾಗ ಧೈರ್ಯ ಬಂತು (ಖರೇ ಅಂದ್ರ ಫ್ರಾನ್ಸ್ ಅಂದ ಕೂಡಲೇ ಎಲ್ಲರೂ ತಲಿ ಆಡ್ಸಿದ್ರು, ಮುಂದಿಂದು ಯಾರೂ ಕೇಳ್ಲಿಲ್ಲ).

ತ್ರಾಸೂ ಅವ, ಮುಚ್ಚಿಡೂದಿಲ್ಲ. ಫಾರ್ಮುಲಾ ಪೈಥಾನ್‌ನ್ಯಾಗ, ಮತ್ತ ಅದು ಇಡೀ ಕಾಲಂಗೆ ಹತ್ತತದ, ಒಂದು ಗೂಡಿಗೆ ಅಲ್ಲ. ನಮ್ಮ ಖಜಾಂಚಿ ಕಾಕಾ ಮೂವತ್ತು ವರ್ಷ ಬ್ಯಾಂಕಿನ್ಯಾಗ ಇದ್ದೋರು, ಪಟ್ಟಿ ಕೆಳಗ ಬೇರೀಜು ಬರೀಲಿಕ್ಕೆ ಜಾಗಾ ಹುಡುಕಿ ಹುಡುಕಿ ಸಾಕಾಗಿ "ಇದೆಂಥಾ ಲೆಕ್ಕಪಾ, ಬೇರೀಜ ಇಲ್ಲ" ಅಂದ್ರು. ಅವರಿಗೆ ಸಮ್ಮರಿ ಟೇಬಲ್ (ಬೇರೀಜು ತಾನ ಹಾಕೋ ಟೇಬಲ್) ಮಾಡಿ ಪಕ್ಕಕ್ಕ ಇಟ್ಟ ಮ್ಯಾಲ ಸಮಾಧಾನ ಆದ್ರು, ಎಡಕ್ಕ ಮನಿ ಒತ್ತಿದ್ರ ಬಲಕ್ಕ ಅವರ ರಸೀದಿ ಅಷ್ಟ ಬರೋದು ನೋಡಿ ಒಂದು ಸಂಜಿ ಪೂರಾ ಒತ್ಕೋತ ಕೂತಿದ್ರು. ಲೇಬಲ್ ಎಲ್ಲಾ ಕನ್ನಡದಾಗ ಇಟ್ಟೀವಿ, ಫಾರ್ಮುಲಾದಾಗ ಬಳಸೋ ಕಾಲಂ ಐಡಿ ಮಾತ್ರ ಇಂಗ್ಲಿಷ್ ಅಕ್ಷರದಾಗ ಇಡ್ರಿ, ಎರಡೂ ಬ್ಯಾರೆ ಬ್ಯಾರೆ ಇಡ್ಲಿಕ್ಕೆ ಬರ್ತದ. ಲಕ್ಷಗಟ್ಟಲೆ ಸಾಲು ಇದ್ರ ಇದು ನಿಮಗ ಬ್ಯಾಡ, ಭಾರ ಆಗ್ತದ, ಸಂಘಕ್ಕ ಅಷ್ಟೆಲ್ಲಿ ಬರ್ತದ.

ಸ್ವಂತ ಸರ್ವರ್‌ನ್ಯಾಗ ಹಾಕೋರಿದ್ರ ನನ್ನ ಹಡಬಡಕಿ ಕೇಳ್ರಿ. ಡಾಕರ್ ಅಂತ ಅದ, ಸಾಫ್ಟ್‌ವೇರ್ ಅನ್ನ ಕಂಟೇನರ್ ಅನ್ನೋ ಡಬ್ಬಿದಾಗ ಇಟ್ಟು ನಡಸ್ತದ, ಅದರಾಗ ಒಂದ ಸಾಲಿನ ಕಮಾಂಡ್, ನಡೀತು, ಖುಷಿಯಾತು, ಎರಡು ಭಾನುವಾರದ ಡೇಟಾ ಹಾಕಿದ್ವಿ. ಡೇಟಾ ಇರೋ ಪರ್ಸಿಸ್ಟ್ ಫೋಲ್ಡರ್ ಅನ್ನ ಕಂಟೇನರಿನ ಹೊರಗಿನ ಡಿಸ್ಕಿಗೆ ಜೋಡಸಬೇಕು ಅಂತ ಡಾಕ್ಯುಮೆಂಟೇಷನ್‌ನ್ಯಾಗ ಢಾಳಾಗಿ ಬರದಾರ, ನಾ ಓದಲಿಲ್ಲ. ಹೊಸ ವರ್ಷನ್ ಹಾಕ್ಲಿಕ್ಕೆ ಹಳೇ ಕಂಟೇನರ್ ಅಳಸಿದೆ, ಎಲ್ಲಾ ಸ್ವಾಹಾ. ಮ್ಯಾಲ ಹೇಳಿದ ನಾಕು ಭಾನುವಾರದಾಗ ಎರಡು ಇದರ ಪ್ರಸಾದ. ಮತ್ತ ಲಾಗಿನ್ ವ್ಯವಸ್ಥಾ ನೀವ ಜೋಡಸಬೇಕು, ಓಐಡಿಸಿ ಅಥವಾ ಎಸ್‌ಎಎಂಎಲ್ ಅನ್ನೋ ಲಾಗಿನ್ ಪದ್ಧತಿದಾಗ, ಅದನ್ನ ಮಾಡದ ಇಂಟರ್ನೆಟ್ಟಿಗೆ ತೆರದು ಇಡಬ್ಯಾಡ್ರಿ, ಜನರ ಫೋನ್ ನಂಬರು ಅಕೌಂಟ್ ನಂಬರು ಇರ್ತಾವ. ಇದೆಲ್ಲಾ ಆಗೂದಿಲ್ಲ ಅಂದ್ರ ಅವರದ ಹೋಸ್ಟೆಡ್ ಸೇವಾದಾಗ ಉಚಿತ ಪ್ಲಾನ್ ಅದ, ಅಲ್ಲಿಂದ ಶುರು ಮಾಡ್ರಿ, ಫೈಲ್ ಯಾವಾಗ ಬೇಕಾದ್ರೂ ಇಳಿಸ್ಕೊಂಡು ಸ್ವಂತ ಸರ್ವರಿಗೆ ಒಯ್ಯಬಹುದು. ಆಕ್ಸೆಸ್ ರೂಲ್ಸ್ ಅಂತ ಅದ, ನಾವು ಲೈಬ್ರರಿ ನೋಡ್ಕೊಳ್ಳೋ ಹುಡುಗರಿಗೆ ಪುಸ್ತಕದ ಟೇಬಲ್ ಅಷ್ಟ ತಿದ್ಲಿಕ್ಕೆ ಕೊಟ್ಟೀವಿ, ಅಕೌಂಟ್ ನಂಬರಿನ ಕಾಲಂ ಖಜಾಂಚಿ ಬಿಟ್ರ ಬ್ಯಾರೆ ಯಾರಿಗೂ ಕಾಣೂದಿಲ್ಲ.

ನಿಗಡಿಯ ಪಾಟೀಲರು ಹೋದ ವರ್ಷ ನವೆಂಬರ್‌ನ್ಯಾಗ ಅಡಗಿಗೆ ಬಂದ್ರು. ಬಂದ ಕೂಡಲೇ ಮೊದಲ ನನ್ನ ಫೋನ್ ಇಸ್ಕೊಂಡು ತಮ್ಮ ಹೆಸರಿನ ಮುಂದ ಎಷ್ಟು ಜಮಾ ಅದ ನೋಡಿದ್ರು, ಆಮ್ಯಾಲ ಕೈ ತೊಳ್ಕೊಂಡ್ರು.

ನಿಮ್ಮ ಶೀಟಿನ ಕಾಲಂ ಹೆಸರು ಅಷ್ಟ ಕೆಳಗ ಬರದು ಹಾಕ್ರಿ, ಜನರ ಡೇಟಾ ಹಾಕಬ್ಯಾಡ್ರಿ, ಎಷ್ಟು ಟೇಬಲ್ ಆಗ್ತಾವ ನೋಡಿ ಹೇಳ್ತೀನಿ.