ಥರ್ಮೋಸ್ಟಾಟ್ ನಿಂತರೂ ಹೀಟರಿನಲ್ಲಿ ವಿದ್ಯುತ್ತು ಏಕೆ?

ಪ್ರಶ್ನೆ: ಉದಕಮಂಡಲದ ನಮ್ಮ ಹಳೆಯ ಮನೆಯಲ್ಲಿ ವಯಸ್ಸಾದ ತಾಯಿಯವರ ಕೋಣೆಯ ಗೋಡೆಗೆ 2000 ವಾಟಿನ ಹೀಟರನ್ನೂ ಎರಡು ಟರ್ಮಿನಲ್‌ಗಳ ಥರ್ಮೋಸ್ಟಾಟನ್ನೂ ಹಾಕಿಸಿದ್ದೇವೆ. ಕೋಣೆ ಬೆಚ್ಚಗಾದೊಡನೆ ಹೀಟರ್ ತಾನಾಗಿ ನಿಲ್ಲುತ್ತದೆ. ಆದರೆ ನಿಂತ ಮೇಲೂ ಅದರ ಎರಡೂ ತಂತಿಗಳಲ್ಲಿ ಟೆಸ್ಟರ್ ಹೊತ್ತಿಕೊಳ್ಳುತ್ತದೆ. ಥರ್ಮೋಸ್ಟಾಟ್ ಕೆಟ್ಟಿದೆಯೆ? ಇದಕ್ಕೇ ಅಂಥದೇ ಇನ್ನೊಂದು ಹೀಟರನ್ನು ಸೇರಿಸಬಹುದೆ?
– ಓದುಗರು, ನೀಲಗಿರಿ ಜಿಲ್ಲೆ

ಉತ್ತರ: ಥರ್ಮೋಸ್ಟಾಟ್ ಸರಿಯಾಗಿಯೇ ಇದೆ, ಜೋಡಣೆ ತಪ್ಪಿದೆ. ಎರಡು ಟರ್ಮಿನಲ್‌ಗಳ ಥರ್ಮೋಸ್ಟಾಟ್ ಒಂದೇ ತಂತಿಯನ್ನು ಕಡಿಯುವ ಸ್ವಿಚ್ಚಾದ್ದರಿಂದ ಅದು ವಿದ್ಯುತ್ತು ಬರುವ ಫೇಸ್ ತಂತಿಯಲ್ಲೇ ಇರಬೇಕು. ನಿಮ್ಮಲ್ಲಿ ಅದನ್ನು ವಿದ್ಯುತ್ತು ಮರಳಿ ಹೋಗುವ ನ್ಯೂಟ್ರಲ್‌ನಲ್ಲಿ ಕೂರಿಸಿದ್ದಾರೆ, ಇಲ್ಲವೇ ಅದರ ಹಿಂದೆಲ್ಲೋ ಫೇಸ್ ಮತ್ತು ನ್ಯೂಟ್ರಲ್ ಅದಲುಬದಲಾಗಿವೆ. ಹೀಗಾದಾಗ ಹೀಟರ್ ತಣ್ಣಗಿದ್ದರೂ ಅದರ ಕಾಯಿಲಿನ ಉದ್ದಕ್ಕೂ 230 ವೋಲ್ಟ್ ನಿಂತಿರುತ್ತದೆ. ನಿಮ್ಮ ಊರಿನ ಮಂಜು ಮತ್ತು ತೇವ ಕಾಯಿಲಿನ ಇನ್ಸುಲೇಷನ್ನಿಗೆ ಇಳಿದರೆ ವಿದ್ಯುತ್ತು ಹೀಟರಿನ ಲೋಹದ ಹೊದಿಕೆಗೆ ಸೋರುತ್ತದೆ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ, ನಿಂತಿದೆಯೆಂದು ನಂಬಿ ಒದ್ದೆ ಬಟ್ಟೆಯಿಂದ ಒರೆಸಿದವರಿಗೆ ಅದು ಪ್ರಾಣಾಪಾಯ. ವಯಸ್ಸಾದವರ ಕೋಣೆಯೆಂದ ಮೇಲೆ ಇದನ್ನು ಒಂದು ದಿನವೂ ಮುಂದೂಡಬೇಡಿ.

ಪರವಾನಗಿಯುಳ್ಳ ವೈರ್‌ಮ್ಯಾನ್‌ರನ್ನು ಕರೆಸಿ, ಮೇನ್ ಆಫ್ ಮಾಡಿಸಿಯೇ ತಂತಿಗಳನ್ನು ಬಿಚ್ಚಿಸಿ. ಹಳೆಯ ಮನೆಗಳಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್ ಎಂಬ ನಿಯಮ ನಡುವೆ ಎಲ್ಲೋ ತಪ್ಪಿರುವುದುಂಟು, ಆದ್ದರಿಂದ ಬಣ್ಣವನ್ನು ನಂಬದೆ ಮೀಟರಿನಿಂದಲೇ ಅಳೆಯಲಿ. ಹೀಟರಿಗೆ ಮುಂಚೆ ಎರಡೂ ತಂತಿಗಳನ್ನು ಕಡಿಯುವ ಡಬಲ್ ಪೋಲ್ ಸ್ವಿಚ್ಚನ್ನೂ, ಮನೆಗೆ, ಸೋರಿಕೆ ಕಂಡೊಡನೆ ವಿದ್ಯುತ್ತನ್ನು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನೂ ಹಾಕಿಸಿಕೊಳ್ಳಿ.

ಎರಡನೆಯ ಹೀಟರನ್ನು ನೇರವಾಗಿ ಸೇರಿಸಬೇಡಿ. ಒಂದು ಹೀಟರ್ ಸುಮಾರು 8.7 ಆಂಪಿಯರ್ ಎಳೆಯುತ್ತದೆ, ಎರಡಾದರೆ 17.4. ಥರ್ಮೋಸ್ಟಾಟಿನ ಮೇಲೆ 16 ಆಂಪಿಯರ್ ಎಂದಿದ್ದರೆ, ಗಂಟೆಗಟ್ಟಲೆ ಉರಿಯುವ ಚಳಿಗಾಲದ ರಾತ್ರಿಗಳಲ್ಲಿ ಅದರ ಕಾಂಟ್ಯಾಕ್ಟುಗಳು ಸುಟ್ಟು ಒಂದಕ್ಕೊಂದು ಬೆಸೆದುಕೊಳ್ಳಬಹುದು. ಆಮೇಲೆ ಹೀಟರ್ ನಿಲ್ಲುವುದೇ ಇಲ್ಲ. ಥರ್ಮೋಸ್ಟಾಟ್ ಒಂದು ಕಾಂಟ್ಯಾಕ್ಟರಿನ (ಸಣ್ಣ ಕಾಯಿಲಿನ ಸೆಳೆತದಿಂದ ಭಾರೀ ವಿದ್ಯುತ್ತನ್ನು ಹಾಯಿಸುವ ಸ್ವಿಚ್ಚಿನ) ಕಾಯಿಲನ್ನಷ್ಟೇ ನಡೆಸಲಿ. ಹೀಟರುಗಳ ಭಾರವನ್ನು, 4 ಚದರ ಮಿಲಿಮೀಟರ್ ತಾಮ್ರದ ತಂತಿಯ ಪ್ರತ್ಯೇಕ ಸರ್ಕ್ಯೂಟಿನಲ್ಲಿ, ಆ ಕಾಂಟ್ಯಾಕ್ಟರ್ ಹೊರಲಿ. ಹೀಟರುಗಳನ್ನು ಪ್ಯಾರಲಲ್ ಆಗಿಯೇ, ಅಂದರೆ ಒಂದೊಂದಕ್ಕೂ ಪೂರ್ತಿ ವೋಲ್ಟೇಜ್ ಸಿಗುವಂತೆ, ಜೋಡಿಸಬೇಕು. ಒಂದರ ಹಿಂದೊಂದಾಗಿ ಸೀರೀಸ್ ಮಾಡಿದರೆ ಒಂದೊಂದಕ್ಕೂ 115 ವೋಲ್ಟ್ ಮಾತ್ರ ಸಿಕ್ಕಿ, 2000 ವಾಟಿನ ಬದಲು ಸುಮಾರು 500 ವಾಟಿನಷ್ಟೇ ಕಾವು ಬರುತ್ತದೆ.

ಥರ್ಮೋಸ್ಟಾಟ್ ಒಳಗೋಡೆಯಲ್ಲಿ, ನೆಲದಿಂದ ಸುಮಾರು ಒಂದೂವರೆ ಮೀಟರ್ ಎತ್ತರದಲ್ಲಿ, ಹೀಟರಿನ ನೇರ ಕಾವಿನಿಂದ ದೂರವಿರಲಿ.

ಕೆಲಸ ಮುಗಿಯುವವರೆಗೆ ತಾಯಿಯವರಿಗೆ, ಥರ್ಮೋಸ್ಟಾಟ್ ಒಳಗೇ ಇರುವ ಆಯಿಲ್ ಹೀಟರನ್ನು 16 ಆಂಪಿಯರ್ ಸಾಕೆಟ್ಟಿಗೆ ಹಾಕಿಕೊಡಿ. ಒರೆಸುವಾಗ ಪ್ಲಗ್ಗನ್ನು ಪೂರ್ತಿ ಕಿತ್ತಿಡಿ.