1992ರ ಲೆಕ್ಸಸ್ ಎಲ್‌ಎಸ್ 400 ತಗೊಳ್ಳಲೋ, 1999ರದ್ದೋ? ಸ್ಪೆಸಿಫಿಕೇಶನ್ ನೋಡಿದರೆ ಯಾವುದು ಮೇಲು?

ನಿಮ್ಮ ಪ್ರಶ್ನೆ ಓದಿ ಮೊದಲು ನಗು ಬಂತು, ಆಮೇಲೆ ಹೊಟ್ಟೆಯಲ್ಲಿ ಸಣ್ಣಗೆ ಸಂಕಟವಾಯಿತು. 2011ರಲ್ಲಿ ಆಸ್ಟಿನ್‌ನ ಬಾಡಿಗೆ ಮನೆಯಲ್ಲಿ ಕೂತು ಇದೇ ಎರಡು ಕಾರುಗಳ ಪಟ್ಟಿಯನ್ನು ಅಕ್ಕಪಕ್ಕ ಇಟ್ಟುಕೊಂಡು ರಾತ್ರಿಯೆಲ್ಲ ಓದಿದವನು ನಾನು. ಹಳೆಯದರಲ್ಲಿ 250 ಅಶ್ವಶಕ್ತಿ, 4 ಗೇರಿನ ಆಟೊಮ್ಯಾಟಿಕ್. ಹೊಸದರಲ್ಲಿ ಎಂಜಿನ್ನಿನ ವಾಲ್ವ್ ತೆರೆಯುವ ಸಮಯವನ್ನು ಓಟಕ್ಕೆ ತಕ್ಕಂತೆ ಬದಲಿಸುವ ವಿವಿಟಿ-ಐ, 290 ಅಶ್ವಶಕ್ತಿ, 5 ಗೇರು, ಕಾರು ಜಾರಿದರೆ ತಾನೇ ಸಂಭಾಳಿಸುವ ವಿಎಸ್‌ಸಿ. ಎರಡರಲ್ಲೂ ಅದೇ 4 ಲೀಟರಿನ ಅಲ್ಯೂಮಿನಿಯಂ ವಿ8, ಅದೇ 1ಯುಝಡ್-ಎಫ್‌ಇ ಹೆಸರು. ನಂಬರ್ ದೊಡ್ಡದಿದ್ದದ್ದನ್ನೇ ತಗೊಂಡೆ. 1999ರ ಮಾಡೆಲ್, 1,72,000 ಮೈಲಿ ಓಡಿದ್ದು, 4,200 ಡಾಲರ್.

ಕಾರು ಹೇಗಿತ್ತು ಅಂದರೆ, ದಾವಣಗೆರೆಯಿಂದ ಬಂದಿದ್ದ ಅಪ್ಪ ಪಕ್ಕದ ಸೀಟಲ್ಲಿ ಐದು ನಿಮಿಷ ಕೂತು, "ಇನ್ನೂ ಸ್ಟಾರ್ಟ್ ಮಾಡಲ್ವೇನೋ?" ಅಂದರು. "ಆಗಲೇ ಆಗಿದೆ ಅಪ್ಪಾ" ಅಂದೆ. ಮೂವತ್ತು ವರ್ಷ ಅಂಬಾಸಿಡರ್ ಓಡಿಸಿದ ಮನುಷ್ಯ, ನಂಬಲಿಲ್ಲ, ಇಳಿದು ಬಾನೆಟ್ ಮೇಲೆ ಕೈ ಇಟ್ಟು ನೋಡಿದರು. 1989ರಲ್ಲಿ ಈ ಕಾರು ಅಮೆರಿಕಕ್ಕೆ ಬಂದಾಗ ಬಾನೆಟ್ ಮೇಲೆ ಶಾಂಪೇನ್ ಗ್ಲಾಸುಗಳ ಗೋಪುರ ಕಟ್ಟಿ, ಚಕ್ರಗಳನ್ನು ರೋಲರ್ ಮೇಲೆ ಗಂಟೆಗೆ 145 ಮೈಲಿವರೆಗೆ ತಿರುಗಿಸಿ ಟಿವಿಯಲ್ಲಿ ತೋರಿಸಿದ್ದರಂತೆ. ಜಾಹೀರಾತನ್ನು ನಂಬದ ನಾನು ಅದೊಂದನ್ನು ನಂಬುತ್ತೇನೆ. ಕೀ ತಿರುಗಿಸಿದರೆ ಕತ್ತಲಲ್ಲಿ ಒಂದೊಂದೇ ಬೆಳಗುವ ಮೀಟರ್ ಮುಳ್ಳುಗಳು, ಇಳಿಯುವಾಗ ತಾನೇ ಮೇಲೆ ಸರಿದು ದಾರಿ ಬಿಡುವ ಸ್ಟೀರಿಂಗ್. ಸಂಬಳವೆಲ್ಲ ಸಾಲ ತೀರಿಸಲು ಹೋಗುತ್ತಿದ್ದ ಕಾಲದಲ್ಲಿ ಆ ಕಾರಿನೊಳಗೆ ಕೂತಷ್ಟು ಹೊತ್ತು ನಾನು ಸಾಹುಕಾರ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಸ್ವಲ್ಪ ಉದ್ದ, ಸಹಿಸಿಕೊಳ್ಳಿ.

ವಾಲ್ವ್‌ಗಳನ್ನು ಪಿಸ್ಟನ್‌ಗಳ ಲಯಕ್ಕೆ ಸರಿಯಾಗಿ ತೆರೆದು ಮುಚ್ಚಿಸಲು ಈ ಎಂಜಿನ್ನಿಗೆ ಟೈಮಿಂಗ್ ಚೈನ್ ಇಲ್ಲ, ರಬ್ಬರ್ ಬೆಲ್ಟ್. 1999ರದ್ದಕ್ಕೆ 90,000 ಮೈಲಿಗೊಮ್ಮೆ ಬದಲಿಸಬೇಕು. ನನ್ನ ಕಾರಿನ ಪುಸ್ತಕದಲ್ಲಿ ಮೊದಲ ಓನರ್ 89,000ಕ್ಕೆ ಬದಲಿಸಿದ ಗುರುತಿತ್ತು. ಅಂದರೆ 1,79,000ಕ್ಕೆ ಮತ್ತೆ ಬದಲಿಸಬೇಕಿತ್ತು. ಮೆಕ್ಯಾನಿಕ್ ಹೇಳಿಯೂ ಇದ್ದ: ಬೆಲ್ಟ್, ಅದರ ಜೊತೆಗೇ ತಿರುಗುವ ವಾಟರ್ ಪಂಪ್, ಬೆಲ್ಟನ್ನು ಬಿಗಿಯಾಗಿಡುವ ಟೆನ್ಶನರ್, ಎಲ್ಲ ಸೇರಿ 900 ಡಾಲರ್. ನಾನು ಮನೆಗೆ ಬಂದು ಗೂಗಲ್ ಮಾಡಿದೆ. "ಎಲ್‌ಎಸ್ 400ರಲ್ಲಿ ಬೆಲ್ಟ್ ತುಂಡಾದರೂ ಎಂಜಿನ್ನಿಗೆ ಏನೂ ಆಗಲ್ಲ, ಹೊಸ ಬೆಲ್ಟ್ ಹಾಕಿ ಓಡಿಸಿ" ಅಂತ ಯಾರೋ ಬರೆದಿದ್ದರು. ಸಮಾಧಾನವಾಯಿತು. ತುಂಡಾದಾಗ ನೋಡಿಕೊಳ್ಳೋಣ ಅಂದುಕೊಂಡೆ.

ಆ ಮಾತು ಸುಳ್ಳಲ್ಲ. 1990ರಿಂದ 94ರ ಕಾರುಗಳಿಗೆ ಅದು ನಿಜ. ಬೆಲ್ಟ್ ತುಂಡಾದರೆ ವಾಲ್ವ್‌ಗಳನ್ನು ತೆರೆಸುವ ಕ್ಯಾಮ್ ಅಲ್ಲಿಗಲ್ಲಿಗೇ ನಿಲ್ಲುತ್ತದೆ, ಒಂದಷ್ಟು ವಾಲ್ವ್‌ಗಳು ಬಾಯಿ ತೆರೆದುಕೊಂಡೇ ಉಳಿಯುತ್ತವೆ, ಕೆಳಗೆ ಪಿಸ್ಟನ್‌ಗಳು ಮಾತ್ರ ಓಟದ ರಭಸಕ್ಕೆ ಇನ್ನೂ ಮೇಲೆ ಕೆಳಗೆ ಆಡುತ್ತಿರುತ್ತವೆ. ಹಳೆಯ ಎಂಜಿನ್ನಿನಲ್ಲಿ ಇವೆರಡರ ನಡುವೆ ಜಾಗ ಬಿಟ್ಟಿದ್ದಾರೆ, ತಾಗುವುದಿಲ್ಲ. 1998ರಲ್ಲಿ ವಿವಿಟಿ-ಐ ಬಂದ ಎಂಜಿನ್ನಿನಲ್ಲಿ ಆ ಜಾಗ ಇಲ್ಲ. ಪಿಸ್ಟನ್ ಬಂದು ವಾಲ್ವಿಗೆ ಗುದ್ದುತ್ತದೆ. ನಾನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದ 290 ಅಶ್ವಶಕ್ತಿಯ ಎಂಜಿನ್ ಇದೇ. ನಾನು ಓದಿದ್ದು ಪಕ್ಕದ ಮನೆಯವರ ಜಾತಕ!

ಇನ್ನೂ ಒಂದಿದೆ. ಎಂಜಿನ್ ಮುಂಭಾಗದ ಕೆಳಗೆ ಕುಂಕುಮ ಚೆಲ್ಲಿ ಒಣಗಿದಂಥ ಕೆಂಪು ಪುಡಿ ಕಂಡಿತ್ತು. ಕಾರು ಚೊಕ್ಕಟವಾಗಿರಲಿ ಅಂತ ಬಟ್ಟೆ ತಗೊಂಡು ಒರೆಸಿದೆ. ಎರಡು ಸಲ.

2012ರ ಏಪ್ರಿಲ್. ಡಾಲಸ್‌ನಲ್ಲಿ ಯುಗಾದಿ ಕಾರ್ಯಕ್ರಮ, ನಲವತ್ತು ಜನಕ್ಕೆ ಬಿಸಿಬೇಳೆಬಾತ್ ನಮ್ಮ ಪಾಲಿಗೆ. ಪಾತ್ರೆಯನ್ನು ಹಿಂದಿನ ಸೀಟಲ್ಲಿ ಕೂರಿಸಿ ಸೀಟ್ ಬೆಲ್ಟ್ ಹಾಕಿ, ಪಕ್ಕದಲ್ಲಿ ಹೆಂಡತಿ ಅದನ್ನು ಹಿಡಿದುಕೊಂಡು, ಮುಂದೆ ಅಪ್ಪ. ಇಂಟರ್‌ಸ್ಟೇಟ್ 35ರಲ್ಲಿ ವೇಕೊ ದಾಟಿ ಹಿಲ್ಸ್‌ಬರೋ ಹತ್ತಿರ, ಗಂಟೆಗೆ 70 ಮೈಲಿಯಲ್ಲಿ, ಆರ್‌ಪಿಎಂ ಮುಳ್ಳು ಸೊನ್ನೆಗೆ ಬಿತ್ತು. ಮೊದಲೇ ಸದ್ದಿಲ್ಲದ ಕಾರು, ನಿಂತದ್ದೂ ಕೇಳಿಸಲಿಲ್ಲ. ಸ್ಟೀರಿಂಗ್ ಕಲ್ಲಾಯಿತು, ಆಗ ಗೊತ್ತಾಯಿತು. ಹೇಗೋ ಪಕ್ಕಕ್ಕೆ ಎಳೆದು ನಿಲ್ಲಿಸಿ ಕೀ ತಿರುಗಿಸಿದೆ. ಎಂಜಿನ್ ಖಾಲಿ ಗಿರಣಿಯ ಹಾಗೆ ಹಗುರಾಗಿ ಗಿರ್ರೆಂದಿತು. "ಕಂಪ್ರೆಷನ್ ಇಲ್ಲ, ಬಿಡು" ಅಂದರು ಅಪ್ಪ. ಅಂದರೆ ಸಿಲಿಂಡರಿನೊಳಗೆ ಗಾಳಿ ಒತ್ತಿಕೊಳ್ಳುತ್ತಲೇ ಇಲ್ಲ. ನಾನು ಕೇಳದೆ ಇನ್ನೂ ಮೂರು ಸಲ ತಿರುಗಿಸಿದೆ. ವಾಲ್ವ್‌ಗಳಿಗೆ ಉಳಿದಿದ್ದ ಪೆಟ್ಟನ್ನು ನಾನೇ ಕೈಯಾರೆ ಕೊಟ್ಟೆ.

ಗ್ಯಾರೇಜಿನಲ್ಲಿ ಬಿಚ್ಚಿದಾಗ ವಾಟರ್ ಪಂಪಿನ ಬೇರಿಂಗ್ ಹೋಗಿ, ಎಂಜಿನ್ ತಣ್ಣಗಿಡುವ ಕೆಂಪು ದ್ರವ, ಕೂಲೆಂಟ್, ಸೋರಿ ಅದರಲ್ಲಿ ಬೆಲ್ಟ್ ನೆನೆದಿತ್ತು. ನಾನು ಒರೆಸಿದ ಕುಂಕುಮ ಅದೇ ಕೂಲೆಂಟ್ ಒಣಗಿದ್ದು. ಎಂಟರಲ್ಲಿ ಆರು ಸಿಲಿಂಡರಿನಲ್ಲಿ ಕಂಪ್ರೆಷನ್ ಇಲ್ಲ. ರಿಪೇರಿಗೆ 3,800 ಡಾಲರ್ ಕೇಳಿದರು. 600ಕ್ಕೆ ಗುಜರಿಗೆ ಕೊಟ್ಟು ಬಂದೆ. ಟೋ ಟ್ರಕ್ಕಿನವನು ಬಿಸಿಬೇಳೆಬಾತ್ ಎರಡು ತಟ್ಟೆ ಹೊಡೆದ, ಆವತ್ತು ಲಾಭವಾದದ್ದು ಅವನೊಬ್ಬನಿಗೇ.

ಹಾಗಾಗಿ "ಯಾವ ವರ್ಷದ್ದು ಮೇಲು" ಅನ್ನುವ ನಿಮ್ಮ ಪ್ರಶ್ನೆಯೇ ನನಗೆ ಒಪ್ಪಿಗೆಯಿಲ್ಲ. ಇಷ್ಟು ಹಳೆಯ ಕಾರಿನಲ್ಲಿ 40 ಅಶ್ವಶಕ್ತಿ ಹೆಚ್ಚು ಕಮ್ಮಿ ಕಟ್ಟಿಕೊಂಡು ಏನು ಮಾಡುತ್ತೀರಿ? ಬೆಲ್ಟ್ ಬದಲಿಸಿದ ರಸೀದಿ ಇರುವ ಕಾರು ತಗೊಳ್ಳಿ, ಅದು ಯಾವ ವರ್ಷದ್ದಾದರೂ ಆಗಲಿ. 1996ರ ಎಲ್‌ಎಸ್ 400 ಒಂದು ಹತ್ತು ಲಕ್ಷ ಮೈಲಿ ಓಡಿದೆ ಅಂತ ಯಾರಾದರೂ ಉಬ್ಬಿಸುತ್ತಾರೆ. ನಿಜ, ಓಡಿದೆ. ನಿಮಗೆ ಮಾರುತ್ತಿರುವುದು ಆ ಕಾರಲ್ಲ. ಇದೇ ನಿಮ್ಮ ಒಂದೇ ಕಾರು, ದಿನಾ ಕೆಲಸಕ್ಕೆ ಇದರಲ್ಲೇ ಹೋಗಬೇಕು ಅನ್ನುವುದಾದರೆ ಎರಡೂ ಬೇಡ, ಕೊರೊಲಾ ತಗೊಳ್ಳಿ. ಇದರಲ್ಲಿ ಸ್ಟಾರ್ಟರ್ ಮೋಟಾರ್ ಇರುವುದೇ ಎಂಜಿನ್ನಿಗೆ ಗಾಳಿ ಒಯ್ಯುವ ಇನ್‌ಟೇಕ್ ಮ್ಯಾನಿಫೋಲ್ಡಿನ ಅಡಿಯಲ್ಲಿ, ಅದೊಂದನ್ನು ಬದಲಿಸಲು ಅರ್ಧ ಎಂಜಿನ್ ಬಿಚ್ಚಬೇಕು. ಪವರ್ ಸ್ಟೀರಿಂಗ್ ಪಂಪ್ ಸೋರಿದರೆ ಎಣ್ಣೆ ನೇರ ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್ ಮೇಲೆ ಬಿದ್ದು ಅದನ್ನೂ ಕೆಡಿಸುತ್ತದೆ.

ಮಾರುವವನು "ಬೆಲ್ಟ್ ಹಾಕಿಸಿದ್ದೀನಿ ಅನ್ಸುತ್ತೆ" ಅಂದರೆ ಹಾಕಿಸಿಲ್ಲ ಅಂತಲೇ ಲೆಕ್ಕ, 1,000 ಡಾಲರ್ ಇಳಿಸಿ ಕೇಳಿ. ನೋಡಲು ಹೋಗುವಾಗ ಟಾರ್ಚ್ ಒಯ್ಯಿರಿ. ಎಂಜಿನ್ ಮುಂಭಾಗದ ಕೆಳಗೆ ಕೆಂಪು ಪುಡಿ ಕಂಡರೆ ಒರೆಸಬೇಡಿ, ಫೋಟೊ ತೆಗೆದು ಇಲ್ಲೇ ಕಾಮೆಂಟಿನಲ್ಲಿ ಹಾಕಿ, ನೋಡಿ ಹೇಳುತ್ತೇನೆ.